ನಲವತ್ತೊಂದನೇ ನಂಬರಿನ ಮುದ್ರೆ

ಹೊಸ ಸಾಮಾನು ಮೊದಮೊದಲು ಬಿಗಿಯಾಗಿಯೇ ಇರುತ್ತದೆ, ಬಳಸುತ್ತ ಬಳಸುತ್ತ ಸಡಿಲವಾಗುತ್ತದೆ ಎಂದು ಯಾರಾದರೂ ಹೇಳಿದರೆ ಕೂದಲೆಳೆ ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. "ಚಪ್ಪಲಿಗೆ ಆ ಮಾತು ಹೇಳಿ, ಒಪ್ತೀನಿ. ಯಂತ್ರಕ್ಕೆ ಹೇಳ್ಬೇಡಿ" ಎನ್ನುತ್ತಿದ್ದಳು.

ಅವಳು ಇಪ್ಪತ್ತೊಂಬತ್ತು ವರ್ಷ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಮೇಜಿನ ಹಿಂದೆ ಕೂತವಳು. ಯಂತ್ರದಿಂದ ಇಳಿದ ಸಾಮಾನನ್ನು ಅಳೆದು, ಸರಿಯಿದ್ದರೆ ಮುದ್ರೆ ಒತ್ತಿ ಹಸಿರು ತಟ್ಟೆಗೆ, ಇಲ್ಲದಿದ್ದರೆ ಕೆಂಪು ತಟ್ಟೆಗೆ ಹಾಕುವುದು ಅವಳ ಕೆಲಸ. ಕೆಂಪು ತಟ್ಟೆಗೆ ಹಾಕುವಾಗೆಲ್ಲ "ಕೂದಲೆಳೆಯಷ್ಟು ಜಾಸ್ತಿ" ಎಂದೋ "ಕೂದಲೆಳೆಯಷ್ಟು ಕಮ್ಮಿ" ಎಂದೋ ಹೇಳುತ್ತಿದ್ದಳು. ಲೇತ್ ಯಂತ್ರಗಳ ಮೇಲಿನ ಗಂಡಸರು ಗೇಲಿಗೆ ಇಟ್ಟ ಹೆಸರು ಕೊನೆಗೆ ಅವಳ ಸ್ವಂತ ಹೆಸರನ್ನೇ ನುಂಗಿಹಾಕಿತು. ಮದುವೆ ಯಾಕೆ ಆಗಲಿಲ್ಲ ಎಂದು ಕೆದಕಿದವರಿಗೆ, "ಬಂದವರು ಯಾರೂ ಅಳತೆಗೆ ಕೂರಲಿಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇದ್ದದ್ದು ಅಣ್ಣನ ಮನೆಯ ಮಹಡಿಯ ಮೇಲಿನ ಎರಡು ಕೋಣೆಯಲ್ಲಿ. ಊಟ ಮಾತ್ರ ಕೆಳಗೆ, ಅತ್ತಿಗೆಯ ಕೈಯದು.

ಅಣ್ಣ ಟ್ಯಾಕ್ಸಿ ಓಡಿಸಿದವನು. ಹಾಲುಕೆನೆ ಬಣ್ಣದ, ಗುಂಡು ದೀಪದ ಹಳೆಯ ಕಾರು; ಅದರಲ್ಲೇ ಇಪ್ಪತ್ತೆರಡು ವರ್ಷ ದುಡಿದು ಎರಡು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದ. ಕ್ಲಚ್ ತುಳಿದು ತುಳಿದು ಎಡಮೊಣಕಾಲು ಸವೆದು ಹೋದಾಗ ಕಾರನ್ನು ಮನೆಯ ಪಕ್ಕದ ತಗಡಿನ ಕೊಟ್ಟಿಗೆಯಲ್ಲಿ ನಿಲ್ಲಿಸಿ ಮೇಲೆ ಟಾರ್ಪಾಲು ಎಳೆದವನು, ಹನ್ನೊಂದು ವರ್ಷ ಆ ಕಡೆ ತಲೆಹಾಕಿರಲಿಲ್ಲ. ಆಮೇಲೆ ಮೊಣಕಾಲಿನ ಆಪರೇಷನ್ ಆಯಿತು, ತಂಗಿಗೂ ಕೆಲಸದಿಂದ ನಿವೃತ್ತಿಯಾಯಿತು. ಒಂದು ದಿನ ಬೆಳಿಗ್ಗೆ ಅವಳೇ ಟಾರ್ಪಾಲು ಎಳೆದು ತೆಗೆದಳು. ಸೀಟಿನೊಳಗೆ ಇಲಿಗಳ ಮೂರು ತಲೆಮಾರಿನ ಸಂಸಾರವಿತ್ತು.

"ಇದು ಎದ್ದು ಕೂರುತ್ತಾ ಪುಟ್ಟಿ?" ಎಂದು ಅಣ್ಣ ಕೇಳಿದ. ಅರವತ್ತು ದಾಟಿದ ತಂಗಿಯನ್ನು ಅವನು ಇನ್ನೂ ಪುಟ್ಟಿ ಎಂದೇ ಕರೆಯುತ್ತಿದ್ದ.

"ನೀನೇ ಎದ್ದು ಓಡಾಡ್ತಾ ಇದ್ದೀಯ. ಇದಕ್ಕೇನು ದಾಡಿ?"

ಒಂದೂವರೆ ವರ್ಷ ಇಬ್ಬರೂ ಅದರ ಬೆನ್ನುಹತ್ತಿದರು. ತುಕ್ಕು ತಿಂದ ತಳವನ್ನು ಕತ್ತರಿಸಿ ಹೊಸ ತಗಡು ಬೆಸೆಸಿದರು. ಇಂಜಿನ್ ಬಿಚ್ಚಿ ಕಟ್ಟಿದರು. ವೈರನ್ನೆಲ್ಲ ಹೊಸದಾಗಿ ಎಳೆದರು. ಕೊನೆಗೆ ಉಳಿದದ್ದು ಕ್ಲಚ್ಚಿನ ಕೆಳಗಿನ ಸಿಲಿಂಡರ್ ಒಂದೇ. ಆ ಕಾರಿನಲ್ಲಿ ಪೆಡಲ್ ತುಳಿದರೆ ಮೇಲಿನ ಸಿಲಿಂಡರಿನಿಂದ ಎಣ್ಣೆ ಪೈಪಿನಲ್ಲಿ ಇಳಿದು ಕೆಳಗಿನ ಸಿಲಿಂಡರಿನ ಪಿಸ್ಟನ್ನನ್ನು ನೂಕುತ್ತದೆ. ಪಿಸ್ಟನ್ ಫೋರ್ಕ್ ಎಂಬ ಕವಲು ಸನ್ನೆಯನ್ನು ನೂಕಿ ಕ್ಲಚ್ ಬಿಡಿಸುತ್ತದೆ. ಹಳೆಯ ಸಿಲಿಂಡರ್ ಗೋಡೆ ಕೊರೆದುಕೊಂಡು ಸೋರುತ್ತಿತ್ತು. ಪೇಟೆಯಿಂದ ಹೊಸದನ್ನು ತಂದು ಕೂರಿಸಿ, ಎಣ್ಣೆ ತುಂಬಿ, ಗಾಳಿ ತೆಗೆದು, ಅಕ್ಕ ಕೈ ಒರೆಸಿಕೊಂಡಳು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಸ್ಟಿಯರಿಂಗ್ ಮುಂದೆ ಕೂತ. ಕ್ಲಚ್ ತುಳಿದ. ಮುಖ ಕಿವುಚಿದ.

"ಗೋಡೆ ಒತ್ತಿದ ಹಾಗಿದೆ ಪುಟ್ಟಿ."

ಇನ್ನೊಮ್ಮೆ ಬಲ ಹಾಕಿ ತುಳಿದ. ಪೆಡಲ್ ಸ್ವಲ್ಪ ಇಳಿಯಿತು, ತಡೆಯಿತು, ಜಗ್ಗಿ ಮತ್ತೆ ಇಳಿಯಿತು. ಅಕ್ಕ ಕಾರಿನಡಿ ಮಲಗಿ ಟಾರ್ಚ್ ಹಿಡಿದು ನೋಡಿದಳು. ಅಣ್ಣ ಕಾಲು ತೆಗೆದ ಮೇಲೂ ಫೋರ್ಕ್ ಹಿಂದಕ್ಕೆ ಬರಲು, ಹತ್ತು ಸಲ ಕರೆದರೂ ಏಳದ ಸೋಮಾರಿಯ ಹಾಗೆ ತಡ ಮಾಡುತ್ತಿತ್ತು. ಮೂರನೇ ಸಲ ತುಳಿಯುವಾಗ ಅಣ್ಣ "ಅಮ್ಮಾ" ಎಂದು ಮೊಣಕಾಲು ಹಿಡಿದುಕೊಂಡ. ಅಡಿಗೆಮನೆಯ ಕಿಟಕಿಯಿಂದ ಅತ್ತಿಗೆಯ ದನಿ ಬಂತು: "ಡಾಕ್ಟ್ರು ಏನು ಹೇಳಿದ್ರು ಅಂತ ಅಣ್ಣ ತಂಗಿ ಇಬ್ಬರಿಗೂ ನೆನಪಿದೆಯಾ?"

ಅಕ್ಕ ಅಂಗಡಿಗೆ ಫೋನ್ ಮಾಡಿದಳು. ಅಂಗಡಿಯವನು ಅದೇ ಮಾತು ಹೇಳಿದ.

"ಹೊಸದಲ್ವಾಮ್ಮ, ಬಿಗಿ ಇರುತ್ತೆ. ಒಂದು ಸಾವಿರ ಕಿಲೋಮೀಟರ್ ಓಡಲಿ, ತಾನೇ ಸಡಿಲ ಆಗುತ್ತೆ."

"ಅಷ್ಟರಲ್ಲಿ ನಮ್ಮಣ್ಣನ ಕಾಲು ಸಡಿಲ ಆಗುತ್ತೆ."

"ಯಾರು ಕೂರ್ಸಿದ್ದು?"

"ನಾನೇ."

ಆ ಕಡೆಯಿಂದ ನಗು. "ಅದಕ್ಕೇ ಮತ್ತೆ. ಯಾರಾದ್ರೂ ಮೆಕ್ಯಾನಿಕ್ ಹತ್ರ ತೋರ್ಸಿಮ್ಮ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಅಕ್ಕ ಫೋನ್ ಕೆಳಗಿಟ್ಟಳು. ಕಿವಿಯ ತುದಿ ಕೆಂಪಾಗಿತ್ತು. ಆದರೂ ಅವಳು ಕೋಪ ಬಂದಾಗ ಮೊದಲು ತನ್ನ ತಪ್ಪನ್ನೇ ಹುಡುಕುವವಳು. ನೆಲ ಡೊಂಕೋ ತಾನು ಡೊಂಕೋ ನೋಡಿಯೇ ಬಿಡೋಣ ಎಂದು ಮರುದಿನ ಸೆರಗು ಸಿಕ್ಕಿಸಿಕೊಂಡು ಕಾರಿನಡಿ ಇಳಿದಳು.

ಮೊದಲು ಪೆಡಲನ್ನು ಮೇಲಿನ ಸಿಲಿಂಡರಿನಿಂದ ಬಿಡಿಸಿ ಆಡಿಸಿದಳು. ಒಂದೇ ಬೆರಳಿಗೆ ತೂಗಾಡಿತು, ಅಲ್ಲಿ ತಪ್ಪಿಲ್ಲ. ಮತ್ತೆ ಜೋಡಿಸಿ, ಕೆಳಗಿನ ಸಿಲಿಂಡರಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ ಅಣ್ಣನಿಗೆ ಕೈಯಿಂದ ಪೆಡಲ್ ಒತ್ತಲು ಹೇಳಿದಳು. ಪೆಡಲ್ ಹಗುರವಾಗಿ ಇಳಿಯಿತು, ಎಣ್ಣೆ ಪಿಚಕ್ಕನೆ ಅವಳ ಕೆನ್ನೆಗೆ ಹಾರಿತು. ಅಂದರೆ ಮೇಲಿನ ಸಿಲಿಂಡರೂ ಸರಿ, ಪೈಪೂ ಕಟ್ಟಿಲ್ಲ. ಆಮೇಲೆ ಸಿಲಿಂಡರನ್ನು ಕಳಚಿ ಪಕ್ಕಕ್ಕೆ ಕಟ್ಟಿ, ಫೋರ್ಕನ್ನೇ ಉದ್ದನೆಯ ಸಲಾಕೆಯಿಂದ ಮೀಟಿ ನೋಡಿದಳು. ಒಂದೇ ಸಮನೆ ಹೋಯಿತು, ಬಿಟ್ಟ ಕೂಡಲೇ ಟಪ್ಪೆಂದು ಬಂತು. ಕೊನೆಗೆ ಸೋರುವ ಹಳೆಯ ಸಿಲಿಂಡರನ್ನೇ ವಾಪಸ್ಸು ಕೂರಿಸಿದಳು. ಅಣ್ಣ ತುಳಿದ, ಎಣ್ಣೆ ತೊಟ್ಟಿಕ್ಕಿದರೂ ಪೆಡಲ್ ಬೆಣ್ಣೆಯಂತಿತ್ತು.

"ತಪ್ಪು ನಂದಲ್ಲ" ಎಂದಳು ಅಕ್ಕ.

ಹೊಸ ಸಿಲಿಂಡರನ್ನು ಮಹಡಿಗೆ ಒಯ್ದು, ಕಿಟಕಿಯ ಬಳಿಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬಿಚ್ಚಿದಳು. ರಬ್ಬರ್ ಟೋಪಿ, ಪಿಸ್ಟನ್, ರಬ್ಬರ್ ಕಪ್, ಸ್ಪ್ರಿಂಗ್ ಸಾಲಾಗಿ ಇಟ್ಟಳು. ಪಿಸ್ಟನ್ನನ್ನು ಮಾತ್ರ ಎಣ್ಣೆ ಸವರಿ ಸಿಲಿಂಡರಿನ ಬಾಯಿಗೆ ಇಟ್ಟು ನೆಟ್ಟಗೆ ಹಿಡಿದಳು. ಒಳ್ಳೆಯದಾದರೆ ಅದು ತನ್ನ ಭಾರಕ್ಕೇ ಬುಡದವರೆಗೆ ಜಾರಬೇಕು. ಇದು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಮೈಕ್ರೋಮೀಟರಿನಲ್ಲಿ ಪಿಸ್ಟನ್ ಅಳೆದಳು: ಸರಿ. ಬೋರ್ ಗೇಜ್ ಇಳಿಸಿ ಒಳಗೋಡೆ ಅಳೆದಳು: ಬಾಯಲ್ಲಿ ಸರಿ; ಒಳಕ್ಕೆ ಹೋದಂತೆ ಕಿರಿದು. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಆರು ಪಾಲು. ಕೊರೆಯುವ ಅಲಗು ಸವೆದಿದೆ, ಬದಲಾಯಿಸಿಲ್ಲ, ಕೊರೆದಿದ್ದನ್ನು ಯಾರೂ ಅಳೆದಿಲ್ಲ. ಸಾವಿರ ಕಿಲೋಮೀಟರ್ ಓಡಿಸಿದರೆ ಸಡಿಲವಾಗುವುದಿಲ್ಲ. ಪಿಸ್ಟನ್ ಒಂದು ದಿನ ಒಳಗೇ ಕಚ್ಚಿಕೊಂಡು ನಡುರಸ್ತೆಯಲ್ಲಿ ಕಾರು ನಿಲ್ಲುತ್ತದೆ.

ತನ್ನ ಹಳೆಯ ಕಾರ್ಖಾನೆಯಲ್ಲಿ ಇದಕ್ಕೆ ಮುದ್ರೆ ಒತ್ತಿದವರು ಯಾರು ಎಂದು ಬುಡದ ಜಿಡ್ಡನ್ನು ಬಟ್ಟೆಯಿಂದ ಒರೆಸಿದಾಗ ಲೋಹದಲ್ಲಿ ಒತ್ತಿದ ಮುದ್ರೆ ಕಾಣಿಸಿತು. ವೃತ್ತದೊಳಗೆ ೪೧. ವೃತ್ತದ ಕೆಳತುದಿಯಲ್ಲಿ ಒಂದು ಚೂರು ಇಲ್ಲ, ಒಡೆದ ಬಳೆಯ ಹಾಗೆ.

ಅಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

ಅದು ಅವಳದೇ ಮುದ್ರೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ ಕೈಜಾರಿ ಸಿಮೆಂಟು ನೆಲಕ್ಕೆ ಬಿದ್ದು ಅಂಚು ಎದ್ದಿತ್ತು. ಸ್ಟೋರಿನವನು ಹೊಸದು ಕೊಡುತ್ತೇನೆ ಎಂದಾಗ ಬೇಡವೆಂದಿದ್ದಳು; ಒಡೆದ ಅಂಚಿನಿಂದ ತನ್ನದು ಎಂದು ಗುರುತು ಹಿಡಿಯಬಹುದು ಎಂದು ನಕ್ಕಿದ್ದಳು. ಆ ಮುದ್ರೆಗಾಗಿ ಅವಳು ಒಮ್ಮೆ ಇಡೀ ಕಾರ್ಖಾನೆಯನ್ನೇ ಎದುರು ಹಾಕಿಕೊಂಡವಳು. ಬ್ರೇಕ್ ಸಿಲಿಂಡರುಗಳ ಒಂದು ಲಾಟು ಅಳತೆಗೆ ಕೂರಲಿಲ್ಲವೆಂದು ತಡೆದಿಟ್ಟಾಗ ಲಾರಿ ಮೂರು ದಿನ ಗೇಟಿನ ಮುಂದೆ ನಿಂತಿತ್ತು. ಹಳೆಯ ಯಜಮಾನರು ಅವಳ ಮೇಜಿನ ತನಕ ನಡೆದು ಬಂದು, "ಒತ್ತಿಬಿಡಮ್ಮ, ನಾನು ಹೇಳ್ತಾ ಇದೀನಿ" ಎಂದಿದ್ದರು. ಅವಳು ಮುದ್ರೆಯನ್ನು ಅವರ ಕೈಗೆ ಕೊಟ್ಟು, "ನೀವೇ ಒತ್ತಿ ಸಾರ್. ಪಕ್ಕದಲ್ಲಿ ನಿಮ್ಮ ಹೆಸರೂ ಕೆತ್ತಿಸಿ" ಎಂದಿದ್ದಳು. ಯಜಮಾನರು ಮುದ್ರೆಯನ್ನು ಮೇಜಿನ ಮೇಲಿಟ್ಟು ಹಿಂದಿರುಗಿದ್ದರು. ಲಾಟು ಕುಲುಮೆಗೆ ಹೋಗಿತ್ತು.

ನಿವೃತ್ತಿಯ ದಿನ ರಿಜಿಸ್ಟರಿನಲ್ಲಿ ಸಹಿ ಮಾಡಿ ಮುದ್ರೆ ಒಪ್ಪಿಸಿ ಬಂದಿದ್ದಳು. ತಪಾಸಣೆಯವರು ಬಿಟ್ಟುಹೋದರೆ ಅವರ ಮುದ್ರೆಯನ್ನು ಗ್ರೈಂಡರಿನ ಸಾಣೆಗೆ ಹಿಡಿದು ಅಳಿಸಬೇಕು, ಅದು ನಿಯಮ. ಅವಳು ಬಿಟ್ಟು ಮೂರು ವರ್ಷವಾಗಿತ್ತು. ಡಬ್ಬಿಯ ಮೇಲಿನ ತಾರೀಖು ಐದು ತಿಂಗಳ ಹಿಂದಿನದು.

"ನನ್ನ ಕೈ ಕಡಿದು ಇಟ್ಕೊಂಡು ಅದರಿಂದ ಸಹಿ ಮಾಡ್ಸಿದ ಹಾಗಾಯ್ತಲ್ಲ ಅಣ್ಣ!" ಎಂದಳು ಕೆಳಗಿಳಿದು ಬಂದು. ಅಣ್ಣ ಸಮಾಧಾನ ಮಾಡಲು ನೋಡಿದ. "ಹೋಗಲಿ ಬಿಡೇ. ಒಳಗೆ ಸ್ವಲ್ಪ ಉಜ್ಜಿದ್ರೆ ಸರಿಹೋಗಲ್ವಾ? ಅರ್ಧ ಗಂಟೆ ಕೆಲಸ. ನಿನ್ನ ಕೈಲಿ ಆಗದೇ ಇರೋದಾ?"

"ಆಗುತ್ತೆ. ಆದ್ರೆ ನಾನು ಉಜ್ಜಲ್ಲ. ಅವರು ಮಾಡಿದ ಹೊಲಸನ್ನ ನಾನು ಸಾರಿಸಬೇಕಾ?"

ಆ ಮಧ್ಯಾಹ್ನವೇ ಸಿಲಿಂಡರನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದಳು. ಅಂಗಡಿಯವನು ಗಿರಾಕಿಗಳೆದುರು ದೊಡ್ಡದಾಗಿ ಕೈಮುಗಿದ. "ಬನ್ನಿ ಮೆಕ್ಯಾನಿಕ್ ಅಮ್ಮ. ಬಿಚ್ಚಿದ ಸಾಮಾನು ವಾಪಸ್ ತಗೊಳ್ಳಲ್ಲ."

"ವಾಪಸ್ ಕೊಡಕ್ಕೆ ಬಂದಿಲ್ಲ. ಇದೇ ಡಬ್ಬಿ ಇನ್ನೂ ಎಷ್ಟಿದೆ?"

"ಮೂರಿರಬೇಕು."

"ತೆಗೀರಿ."

ಅವಳ ದನಿಗೋ, ಗಿರಾಕಿಗಳ ಕುತೂಹಲಕ್ಕೋ, ಅವನು ತೆಗೆದ. ಕೌಂಟರಿನ ಮೇಲೇ ಅವಳು ಒಂದೊಂದನ್ನೂ ಬಿಚ್ಚಿ, ಪಿಸ್ಟನ್ನಿಗೆ ಎಣ್ಣೆ ಸವರಿ ಅವನ ಕೈಗೇ ಕೊಟ್ಟಳು. "ನಾನು ಹೆಂಗಸು, ಕೈ ಡೊಂಕು. ನೀವೇ ಬಿಡಿ."

ಮೊದಲನೆಯದು ಅರ್ಧದಲ್ಲಿ ನಿಂತಿತು. ಎರಡನೆಯದು ಬುಡಕ್ಕೆ ಜಾರಿತು. ಮೂರನೆಯದು ಎಷ್ಟು ಬಿಗಿಯಾಗಿ ಕಚ್ಚಿತೆಂದರೆ ತಲೆಕೆಳಗೆ ಮಾಡಿ ಕುಟ್ಟಿದರೂ ಬರಲಿಲ್ಲ. ಗಿರಾಕಿಯೊಬ್ಬ ಕಿಸಕ್ಕೆಂದ. ಮೂರರ ಬುಡದಲ್ಲೂ ೪೧ ಇತ್ತು.

"ಇದೇ ಕಂಪನಿದು ಬ್ರೇಕ್ ಸಿಲಿಂಡರ್ ಇಟ್ಟಿದ್ದೀರಾ?" ಎಂದು ಅಕ್ಕ ಕೇಳಿದಳು. ಅಂಗಡಿಯವನ ಮುಖದ ನಗು ಆಗಲೇ ಇಳಿದಿತ್ತು. ಒಂದು ಡಬ್ಬಿ ತಂದುಕೊಟ್ಟ. ಅದರಲ್ಲೂ ಅದೇ ಒಡೆದ ಬಳೆ, ಅದೇ ನಂಬರು.

"ಕ್ಲಚ್ ಅಂಟಿದ್ರೆ ಕಾಲು ನೋಯುತ್ತೆ" ಎಂದಳು ಅಕ್ಕ, ಈ ಸಲ ಮೆಲ್ಲಗೆ. "ಬ್ರೇಕ್ ಅಂಟಿದ್ರೆ? ಇದನ್ನ ಎಷ್ಟು ಜನಕ್ಕೆ ಮಾರಿದ್ದೀರಿ ಅಂತ ಲೆಕ್ಕ ಇದೆಯಾ ನಿಮ್ಮ ಹತ್ರ?"

ಅವನು ಡಬ್ಬಿಗಳನ್ನೆಲ್ಲ ಕಪಾಟಿನಿಂದ ಇಳಿಸಿ ಒಂದು ಗೋಣಿಚೀಲಕ್ಕೆ ತುಂಬತೊಡಗಿದ. ಅವಳು ಮೆಟ್ಟಿಲಿಳಿಯುವಾಗ ಹಿಂದಿನಿಂದ, "ಅಮ್ಮಾ, ನೆನ್ನೆ ಏನೋ ಬಾಯಿ ತಪ್ಪಿ..." ಎಂದ. "ನೆನ್ನೆದು ನೆನ್ನೆಗೆ. ಆ ಚೀಲ ಮಾತ್ರ ಮತ್ತೆ ಕಪಾಟಿಗೆ ಏರಬಾರದು" ಎಂದು ತಿರುಗಿ ನೋಡದೆ ನಡೆದಳು.

ಮರುದಿನ ಕಾರ್ಖಾನೆ. ಗೇಟಿನ ಕಾವಲುಗಾರ ಎದ್ದು ನಿಂತು ನಮಸ್ಕಾರ ಹೇಳಿ, ಯಾರನ್ನೂ ಕೇಳದೆ ಒಳಗೆ ಬಿಟ್ಟ. ಮ್ಯಾನೇಜರು ಗಾಜಿನ ಕೋಣೆಯಲ್ಲಿದ್ದ. ಹದಿನೈದು ವರ್ಷದ ಹಿಂದೆ ಅವನು ಹೊಸದಾಗಿ ಬಂದಾಗ ಮೈಕ್ರೋಮೀಟರನ್ನು ಬೋಲ್ಟು ಬಿಗಿಸುವವನ ಹಾಗೆ ತಿರುಗಿಸುತ್ತಿದ್ದ. ಎರಡೇ ಬೆರಳಲ್ಲಿ ಹಿಡಿಯಲು ಕಲಿಸಿದವಳು ಇವಳೇ.

"ಏನಕ್ಕ, ಅಪರೂಪ! ಕೂತ್ಕೊಳ್ಳಿ. ಟೀ ತರಿಸ್ಲಾ?"

ಅಕ್ಕ ಕೂರಲಿಲ್ಲ. ಸಿಲಿಂಡರನ್ನು ಅವನ ಫೈಲುಗಳ ಮೇಲೆ ಎಣ್ಣೆಯ ಕಲೆ ಬೀಳುವ ಹಾಗೆ ಇಟ್ಟಳು. ಅವನು ಮುದ್ರೆ ನೋಡಿದ. ನೋಡಿದ ಮೇಲೆ ಅವಳ ಮುಖ ನೋಡಲಿಲ್ಲ.

"ನಿಮ್ಮ ಜಾಗಕ್ಕೆ ಜನಾನೇ ಕೊಡಲಿಲ್ಲ ಅಕ್ಕ. ಮೇಲಿನವರು ಉಳಿತಾಯ ಅಂತಾರೆ. ಹಳೇ ಗಾಡಿ ಸಾಮಾನು, ಯಾರು ಕೇಳ್ತಾರೆ ಅಂತ..."

"ನಾನು ಕೇಳ್ತಾ ಇದೀನಿ. ಯಾರು ಒತ್ತೋದು ಇದನ್ನ?"

"ಪ್ಯಾಕಿಂಗ್‌ನವರು. ಡ್ರಾಯರ್‌ನಲ್ಲಿ ಮುದ್ರೆ ಇತ್ತು..." ಅವನು ನಗಲು ಪ್ರಯತ್ನಿಸಿದ. "ಒಂದು ರೀತೀಲಿ ನಿಮಗೆ ಗೌರವಾನೇ ಅಲ್ವಾ ಅಕ್ಕ? ನಲವತ್ತೊಂದು ಅಂದ್ರೆ ವ್ಯಾಪಾರದವರು ಕಣ್ಣುಮುಚ್ಚಿ ತಗೋತಾರೆ."

ಅಕ್ಕನಿಗೆ ಅಲ್ಲಿಯವರೆಗೂ ಬರದಂಥ ಸಿಟ್ಟು ಆ ಮಾತಿಗೆ ಬಂತು. ಬಂದಾಗ ಅವಳು ಕೂಗಲಿಲ್ಲ. ಪದ ಪದ ಬಿಡಿಸಿ ಮಾತಾಡಿದಳು.

"ಅವರು ಕಣ್ಣು ಮುಚ್ಚಲಿ ಅಂತಲೇ ನಾನು ಇಪ್ಪತ್ತೊಂಬತ್ತು ವರ್ಷ ಕಣ್ಣು ಬಿಟ್ಕೊಂಡು ಕೂತಿದ್ದು. ನನ್ನ ಕಣ್ಣು ಈಗ ಮೂರು ಪವರ್ ಏರಿದೆ. ಅದನ್ನ ನೀನು ಡ್ರಾಯರ್‌ನಲ್ಲಿಟ್ಟು ಮಾರಿದ್ದೀಯ. ಬೇಲಿನೇ ಎದ್ದು ಹೊಲ ಮೇಯ್ದರೆ ಏನು ಹೇಳೋದು? ಬ್ರೇಕಿಗೂ ಒತ್ತಿದ್ದೀಯಲ್ಲೋ! ನಾಳೆ ಯಾರಾದ್ರೂ ಸತ್ತರೆ, ನಲವತ್ತೊಂದರ ಮುದ್ರೆ ಯಾರದು ಅಂತ ನೋಡಿದ್ರೆ ರಿಜಿಸ್ಟರಲ್ಲಿ ಇರೋದು ನನ್ನ ಹೆಸರು."

"ಇದಕ್ಕೆ ಬದಲಿ ಒಂದು ಚೆನ್ನಾಗಿರೋದು ನಾನೇ ಆರಿಸಿ ಕೊಡ್ತೀನಿ ಅಕ್ಕ, ಈಗಲೇ..."

"ನನಗೆ ಒಂದು ಬೇಡ. ಮುದ್ರೆ ತರ್ಸು."

ಅವನು ತಡಬಡಿಸಿದ, ಸಂಜೆ ನೋಡೋಣ ಎಂದ, ಮೇಲಿನವರನ್ನು ಕೇಳಬೇಕು ಎಂದ. ಅಕ್ಕ ಗಾಜಿನ ಬಾಗಿಲನ್ನು ಹಾರುಹೊಡೆದು ಅಲ್ಲೇ ನಿಂತಳು. ಲೇತಿನ ಸದ್ದು ಒಂದೊಂದಾಗಿ ನಿಂತಿತು. ಹಳಬರು ಕೆಲವರು ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದರು. ಅಷ್ಟು ಜನರ ಮುಂದೆ ಅವನಿಗೆ ಬೇರೆ ದಾರಿ ಉಳಿಯಲಿಲ್ಲ. ಎದ್ದುಹೋಗಿ ಪ್ಯಾಕಿಂಗ್ ವಿಭಾಗದಿಂದ ಮುದ್ರೆ ತಂದ.

ಬೆರಳುದ್ದದ ಉಕ್ಕಿನ ತುಂಡು. ತನ್ನ ಹೆಬ್ಬೆರಳು ಸವೆಸಿದ ಜಾಗ ಅದರಲ್ಲಿ ಹಾಗೇ ಇತ್ತು. ಅಕ್ಕ ಅದನ್ನು ಹಿಡಿದು ನೇರ ಗ್ರೈಂಡರಿನ ಬಳಿ ನಡೆದಳು, ಕನ್ನಡಕ ಸರಿಮಾಡಿಕೊಂಡಳು, ಸ್ವಿಚ್ಚು ಹಾಕಿದಳು. ಕಿಡಿ ಹಾರಿತು. ವೃತ್ತ ಹೋಯಿತು, ನಾಲ್ಕು ಹೋಯಿತು, ಒಂದೂ ಹೋಯಿತು. ನುಣುಪಾದ ತುಂಡನ್ನು ಮ್ಯಾನೇಜರನ ಅಂಗೈಯಲ್ಲಿಟ್ಟಳು. ಬಿಸಿಗೆ ಅವನು ಕೈ ಕೊಡವಿದ. ಹಿಂದೆ ನಿಂತಿದ್ದ ಮುದುಕ ಲೇತಿನವನೊಬ್ಬ ತಲೆತಗ್ಗಿಸಿ, "ಅಲಗು ಸವೆದಿದೆ ಅಂತ ನಾವು ಹೇಳಿದ್ವಿ ಅಕ್ಕ. ಹೊಸದು ಕೊಡಲಿಲ್ಲ" ಎಂದ.

"ಹೇಳಿ ಸುಮ್ಮನಾದ್ರಲ್ಲ" ಎಂದಳು ಅಕ್ಕ. ಅವನ ಮೇಲೂ ಅವಳಿಗೆ ಕರುಣೆ ಬರಲಿಲ್ಲ. ಆಮೇಲೆ ಬಸ್ಸಿನಲ್ಲಿ ಕೂತಾಗ, ಅವನಿಗೆ ಹಾಗೆ ಹೇಳಬಾರದಿತ್ತೇನೋ ಎನ್ನಿಸಿತು. ಅವನಿಗೂ ಸಂಸಾರವಿತ್ತು, ಮುಂದಿನ ವರ್ಷ ನಿವೃತ್ತಿಯಿತ್ತು. ಆದರೆ ಹೇಳಿದ್ದು ಸುಳ್ಳೇನೂ ಅಲ್ಲವಲ್ಲ.

ಮುದ್ರೆ ಅಳಿದರೂ ಒತ್ತಿದ್ದು ಅಳಿಯುವುದಿಲ್ಲ. ಮನೆಗೆ ಬಂದು ಅವಳು ಕಾಗದ ಪೆನ್ನು ಹಿಡಿದಳು. ವರ್ಷಗಟ್ಟಲೆ ಡಬ್ಬಿಯ ಚೀಟಿಯ ಮೇಲೆ ಓದಿದ ವ್ಯಾಪಾರಿಗಳ ವಿಳಾಸ ಹನ್ನೊಂದು ಅವಳಿಗೆ ಬಾಯಿಪಾಠವಾಗಿದ್ದವು. ಉಳಿದವನ್ನು ಅಂಗಡಿಯವನೇ ಹುಡುಕಿ ಕೊಟ್ಟ. ಎಲ್ಲರಿಗೂ ಒಂದೇ ಒಕ್ಕಣೆ: ಇಂಥ ತಾರೀಖಿನ ನಂತರ ನಲವತ್ತೊಂದರ ಮುದ್ರೆ ಇರುವ ಯಾವ ಸಾಮಾನನ್ನೂ ನಾನು ನೋಡಿಲ್ಲ, ಮುಟ್ಟಿಲ್ಲ, ಅಳೆದಿಲ್ಲ, ಬ್ರೇಕಿನದನ್ನು ದಯವಿಟ್ಟು ಮಾರಬೇಡಿ. ಕೆಳಗೆ ತನ್ನ ಪೂರ್ತಿ ಹೆಸರಿನ ಸಹಿ. ಆ ಸಹಿ ನೋಡಿ ಅತ್ತಿಗೆ, "ನಿನ್ನ ಹೆಸರು ಇಷ್ಟು ಉದ್ದ ಇತ್ತಾ?" ಎಂದು ಬೆರಗಾದಳು.

ಒಂದು ವಾರ ಏನೂ ಆಗಲಿಲ್ಲ. ಎರಡನೇ ವಾರ ಮ್ಯಾನೇಜರು ಫೋನ್ ಮಾಡಿ, ಉಂಡ ಮನೆಗೆ ಎರಡು ಬಗೆಯುವುದು ಸರಿಯೇ ಎಂದು ಕೇಳಿದ. "ಉಂಡಿದ್ದು ದುಡಿದು ಉಂಡಿದ್ದು" ಎಂದು ಅಕ್ಕ ಫೋನಿಟ್ಟಳು. ನಾಲ್ಕನೇ ವಾರ ಒಬ್ಬೊಬ್ಬರಾಗಿ ವ್ಯಾಪಾರಿಗಳು ಚೀಲಗಟ್ಟಲೆ ಸಾಮಾನು ವಾಪಸ್ಸು ಕಳಿಸುತ್ತಿದ್ದಾರೆಂಬ ಸುದ್ದಿ ಅಂಗಡಿಯವನಿಂದ ಬಂತು. ಮಾರಿಹೋಗಿದ್ದವನ್ನು ಏನು ಮಾಡಿದರೆಂದು ಯಾರಿಗೂ ಗೊತ್ತಿರಲಿಲ್ಲ. ಅದು ಅವಳ ಎದೆಯೊಳಗೆ ಮುಳ್ಳಾಗಿ ಉಳಿಯಿತು.

ಈ ನಡುವೆ ಕಾರಿನ ಹಳೆಯ ಸಿಲಿಂಡರನ್ನೇ ಅವಳು ಒಬ್ಬ ಪರಿಚಯದ ಲೇತಿನವನಲ್ಲಿ ಕೊರೆಸಿ, ಒಳಗೆ ಹಿತ್ತಾಳೆಯ ಕೊಳವೆ ಕೂರಿಸಿ, ಅವನ ಪಕ್ಕದಲ್ಲೇ ನಿಂತು ಮೂರು ಸಲ ಅಳೆದು ತಂದಳು. ಪಿಸ್ಟನ್ ತನ್ನಷ್ಟಕ್ಕೇ ಬುಡದವರೆಗೆ ಜಾರಿತು. ಅಣ್ಣ ತುಳಿದು ನೋಡಿದ. ಇನ್ನೊಮ್ಮೆ ತುಳಿದ, ಮತ್ತೊಮ್ಮೆ ತುಳಿದ, ಆಟದ ಸಾಮಾನು ಸಿಕ್ಕ ಮಗುವಿನ ಹಾಗೆ.

ಮೊದಲ ಸಲ ಕಾರು ಬೀದಿಗಿಳಿದ ದಿನ ಅತ್ತಿಗೆ ಹಿಂದೆ ಕೂತಳು, ಅಕ್ಕ ಮುಂದೆ. ಹೊರಡುವ ಹೊತ್ತಿಗೆ ಅಂಗಡಿಯವನು ಓಡಿಬಂದು ಕಿಟಕಿಯೊಳಗೆ ಒಂದು ಕಾಗದ ತುರುಕಿದ. ಕಾರ್ಖಾನೆ ವ್ಯಾಪಾರಿಗಳಿಗೆ ಬರೆದದ್ದು. ಕಾರು ಮುಖ್ಯರಸ್ತೆಗೆ ತಿರುಗುವಷ್ಟರಲ್ಲಿ ಅಕ್ಕ ಅದನ್ನು ಓದಿ ಮುಗಿಸಿದ್ದಳು.

"ಕೇಳು ಅಣ್ಣ. 'ಪ್ಯಾಕಿಂಗ್ ವಿಭಾಗದಲ್ಲಿ ಆದ ಸಣ್ಣ ಗೊಂದಲದಿಂದ ಕೆಲವು ಡಬ್ಬಿಗಳು ಅದಲುಬದಲಾಗಿವೆ.' ಅದಲುಬದಲಂತೆ! ಸಣ್ಣ ಗೊಂದಲವಂತೆ! ಅಳತೆ ತಪ್ಪಿದೆ ಅಂತ ಒಂದಕ್ಷರ ಇಲ್ಲ. ಬ್ರೇಕ್ ಅನ್ನೋ ಪದಾನೇ ಇಲ್ಲ. ತಿಪ್ಪೆ ಸಾರಿಸೋದಂದ್ರೆ ಇದು!"

"ಸಾಮಾನು ವಾಪಸ್ ಬಂತಲ್ಲೇ" ಎಂದಳು ಅತ್ತಿಗೆ ಹಿಂದಿನಿಂದ. "ಇವತ್ತೊಂದಿನ ಸುಮ್ಮನೆ ಗಾಳಿ ತಗೋಬಾರದಾ?"

"ಅಂಗಡೀಲಿದ್ದಿದ್ದು ಬಂತು ಅತ್ತಿಗೆ. ಗಾಡೀಲಿ ಕೂತಿರೋದು? ತಗೊಂಡವರಿಗೆ ಯಾರು ಹೇಳ್ತಾರೆ?" ಕಾಗದವನ್ನು ನಾಲ್ಕಾಗಿ ಮಡಿಚಿ ಚೀಲದೊಳಗಿಟ್ಟಳು. ಸ್ವಲ್ಪ ಹೊತ್ತು ರಸ್ತೆ ನೋಡಿದಳು. ಎದುರಿಗೆ ಬರುವ ಹಳೆಯ ಗಾಡಿಗಳ ಚಕ್ರಗಳನ್ನೇ ನೋಡುತ್ತಿದ್ದಳು.

"ಗಾಡಿ ತಿರುಗ್ಸು ಅಣ್ಣ."

"ಎಲ್ಲಿಗೆ?"

"ಕಾರ್ಖಾನೆಗೆ. ಬ್ರೇಕ್ ಅಂತ ಬಾಯ್ಬಿಟ್ಟು ಬರೆದು, ತಗೊಂಡವರಿಗೆಲ್ಲ ಅವರೇ ಹೇಳ್ಬೇಕು."

ಅಣ್ಣ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದ. ಅವಳು ಹಣೆ ಚಚ್ಚಿಕೊಂಡಳು, ಬೇಡ ಎನ್ನಲಿಲ್ಲ. ಅವನು ಕ್ಲಚ್ ಒತ್ತಿ ಗೇರು ಇಳಿಸಿ, ಮುಂದಿನ ವೃತ್ತದಲ್ಲಿ ಕಾರನ್ನು ತಿರುಗಿಸಿದ.